ಬೆನ್ನುಹುರಿ ಮತ್ತೆ ಬೆಸೆದೀತೇ?

ಮಲೆನಾಡು, ಕರಾವಳಿಗಳ ಅಡಕೆ ತೋಟಗಳಲ್ಲಿ ಕೊನೆ ಕೊಯ್ಯುವವರು ಮರದಿಂದ ಮರಕ್ಕೆ ತೂಗಿಕೊಂಡು ಸಾಗುವ ದೃಶ್ಯ ನೋಡುವವರಿಗೆ ಸೊಗಸು. ಆದರೆ ಒಮ್ಮೆ ಕಾಲು ಜಾರಿತೆಂದರೆ ಒದಗುವ ಅನರ್ಥ ಸಾಮಾನ್ಯವಾದುದಲ್ಲ. ಕೈಕಾಲಿನ ಮೂಳೆ ಮುರಿದರೆ ಕೆಲವು ತಿಂಗಳುಗಳಲ್ಲಿ ಕೂಡಿಕೊಳ್ಳುತ್ತದೆ. ಚರ್ಮ ಹರಿದರೆ ಮಾಯುತ್ತದೆ. ಬೆನ್ನುಮೂಳೆಯೊಳಗಿನ ಮಿದುಳುಬಳ್ಳಿಗೆ ಪೆಟ್ಟು ಬಿದ್ದರೆ ಮಾತ್ರ, ನಿನ್ನೆಯವರೆಗೆ ಮರವೇರುತ್ತಿದ್ದವನು ಇಂದು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಪರರ ನೆರವನ್ನು ನಿರೀಕ್ಷಿಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಇಂಥ ಆಘಾತಕ್ಕೊಳಗಾಗಿ ಬದುಕುತ್ತಿರುವವರು 1.5 ಕೋಟಿಗೂ ಹೆಚ್ಚು. ಬೀಳುವಿಕೆ ಮತ್ತು ರಸ್ತೆ ಅಪಘಾತಗಳು ಇದಕ್ಕೆ ಮುಖ್ಯ ಕಾರಣಗಳು.

ಮಿದುಳುಬಳ್ಳಿ ಅಥವಾ ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ನರಸಮೂಹ. ಮಿದುಳಿನ ಆಜ್ಞೆಗಳು ಅಂಗಾಂಗಗಳಿಗೆ ಇಳಿಯುವುದೂ, ನೋವು, ಸ್ಪರ್ಶ, ಶಾಖಗಳ ಸುದ್ದಿ ಮಿದುಳಿಗೆ ಏರುವುದೂ ಇದರ ಮೂಲಕವೇ. ಪೆಟ್ಟು ಬಿದ್ದಾಗ ಕೆಲವು ನರತಂತುಗಳು ಕೂಡಲೇ ತುಂಡಾಗುತ್ತವೆ. ಅನಂತರ ಬಾವು ಏರಿ, ರಕ್ತಸಂಚಾರ ಕುಂದಿ, ಉಳಿದಿದ್ದ ಕೋಶಗಳೂ ಸಾಯತೊಡಗುತ್ತವೆ. ಕೊನೆಗೆ ಆ ಸ್ಥಳದಲ್ಲಿ ಗಾಯದ ಕಲೆಯೊಂದು ಗೋಡೆಯಂತೆ ನಿಲ್ಲುತ್ತದೆ.

ಸ್ಪೇನ್ ದೇಶದ ಮಹಾವಿಜ್ಞಾನಿ ಸಾಂಟಿಯಾಗೊ ರಾಮೋನ್ ಇ ಕಹಾಲ್, ಮಿದುಳು ಮತ್ತು ಮಿದುಳುಬಳ್ಳಿಯ ನರಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯಲಾರವೆಂದು 1928ರಲ್ಲಿ ಬರೆದನು. ಈ ಕಠೋರ ನಿಯಮವನ್ನು ಬದಲಿಸುವ ಹೊಣೆಯನ್ನು ಆತ ಮುಂದಿನ ವಿಜ್ಞಾನಕ್ಕೇ ಬಿಟ್ಟನು. ಅರ್ಧ ಶತಮಾನದ ಬಳಿಕ, 1981ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಆಲ್ಬರ್ಟ್ ಅಗ್ವಾಯೊ ಮತ್ತು ಸಂಗಡಿಗರು ಇಲಿಯ ಕಾಲಿನ ನರದ ತುಂಡನ್ನು ಅದರ ಮಿದುಳುಬಳ್ಳಿಗೆ ಕಸಿಮಾಡಿದಾಗ, ಬೆಳೆಯಲಾರವೆಂದು ತಿಳಿದಿದ್ದ ನರತಂತುಗಳು ಆ ತುಂಡಿನೊಳಗೆ ಉದ್ದಕ್ಕೆ ಬೆಳೆದವು. ನರಕ್ಕೆ ಬೆಳೆಯುವ ಶಕ್ತಿ ಇಲ್ಲವೆಂದಲ್ಲ. ಸುತ್ತಲಿನ ನೆಲ ಅದಕ್ಕೆ ಒಗ್ಗುತ್ತಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಇಂದಿನ ಪ್ರಯತ್ನಗಳ ಬೇರು ಇಲ್ಲಿದೆ: ಹೊಸ ಬೀಜವನ್ನು ಬಿತ್ತಬೇಕು, ನೆಲವನ್ನೂ ಹದಗೊಳಿಸಬೇಕು.

ಬೀಜದ ಕೆಲಸವನ್ನು ಆಕರಕೋಶಗಳು ಮಾಡಬಲ್ಲವು. ಯಾವ ಬಗೆಯ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಮಾನವ ಭ್ರೂಣದ ಆಕರಕೋಶಗಳನ್ನು ಅಮೆರಿಕದ ಜೇಮ್ಸ್ ಥಾಮ್ಸನ್ 1998ರಲ್ಲಿ ಬೇರ್ಪಡಿಸಿ ಬೆಳೆಸಿದನು. ಜಪಾನಿನ ಶಿನ್ಯಾ ಯಮನಾಕ, ಇಲಿಯ ಚರ್ಮದ ಸಾಮಾನ್ಯ ಕೋಶವನ್ನೇ ಅಂಥ ಸ್ಥಿತಿಗೆ ಹಿಂದಿರುಗಿಸಬಹುದೆಂದು 2006ರಲ್ಲಿ ತೋರಿಸಿ, 2012ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದನು. ಈ ವಿಧಾನದಿಂದ ಪಡೆದ ಕೋಶಗಳನ್ನು ಟೋಕಿಯೊದ ಕೀಯೊ ವಿಶ್ವವಿದ್ಯಾನಿಲಯದ ವೈದ್ಯರು ಆಗತಾನೇ ಗಾಯಗೊಂಡಿದ್ದ ನಾಲ್ವರ ಮಿದುಳುಬಳ್ಳಿಗೆ ಸೇರಿಸಿದರು. 2025ರ ಮಾರ್ಚ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ ಯಾರಿಗೂ ಗಂಭೀರವಾದ ಅಪಾಯವಾಗಲಿಲ್ಲ. ಇಬ್ಬರಲ್ಲಿ ಚಲನಶಕ್ತಿ ಸುಧಾರಿಸಿತು. ಅವರಲ್ಲೊಬ್ಬರು ಆಸರೆಯಿಲ್ಲದೆ ನಿಲ್ಲುವಂತಾದರು. ಉಳಿದಿಬ್ಬರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ.

ನೆಲವನ್ನು ಹದಗೊಳಿಸುವ ಕೆಲಸಕ್ಕೆ ನ್ಯಾನೊ ತಂತ್ರಜ್ಞಾನವು ಮುಂದಾಗಿದೆ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿ ಪಾಲುಗಳಲ್ಲಿ ಒಂದು. ಈ ಅಳತೆಯ ಎಳೆಗಳಿಂದ ಹೆಣೆದ ಚಪ್ಪರವಿದ್ದರೆ ನರವೆಂಬ ಬಳ್ಳಿ ಅದನ್ನು ಹಿಡಿದು ಹಬ್ಬಬಲ್ಲದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಸ್ಯಾಮ್ಯುಯೆಲ್ ಸ್ಟಪ್ ಮತ್ತು ಸಹೋದ್ಯೋಗಿಗಳು ಇಂಥ ದ್ರವವೊಂದನ್ನು ಸಿದ್ಧಪಡಿಸಿದರು. ಗಾಯದ ಸ್ಥಳವನ್ನು ಸೇರಿದೊಡನೆ ಅದು ತಾನಾಗಿ ಎಳೆಎಳೆಯಾಗಿ ಹೆಣೆದುಕೊಂಡು, ಬೆಳೆಯಿರೆಂಬ ಸಂಕೇತವನ್ನು ಕೋಶಗಳಿಗೆ ನೀಡುತ್ತದೆ. ಪೆಟ್ಟು ಬಿದ್ದ ಮರುದಿನ ಒಂದೇ ಬಾರಿ ಇದನ್ನು ಚುಚ್ಚಲಾದ ಇಲಿಗಳು ನಾಲ್ಕು ವಾರಗಳಲ್ಲಿ ನಡೆದಾಡಿದುವೆಂದು 2021ರಲ್ಲಿ ಪ್ರಕಟವಾಯಿತು. ಕೆಲಸ ಮುಗಿದ ಮೇಲೆ ಆ ಎಳೆಗಳು ದೇಹದಲ್ಲಿಯೇ ಕರಗಿಹೋದವು.

ಈ ಸುದ್ದಿಗಳು ಸಂತೋಷವನ್ನು ತರುವುದು ಸಹಜ. ಆದರೆ ಇಲಿಯ ನಡಿಗೆಗೂ ಮನುಷ್ಯನ ನಡಿಗೆಗೂ ನಡುವೆ ದೀರ್ಘವಾದ ದಾರಿಯಿದೆ. ನಾಲ್ವರ ಅನುಭವ ಭರವಸೆಯನ್ನು ಕೊಡಬಹುದು, ಪ್ರಮಾಣವಾಗಲಾರದು. ಗಾಯವಾದ ಮೊದಲ ತಿಂಗಳುಗಳಲ್ಲಿ ದೇಹವು ತಾನಾಗಿಯೇ ಸ್ವಲ್ಪ ಚೇತರಿಸಿಕೊಳ್ಳುವುದುಂಟು. ಚಿಕಿತ್ಸೆ ಪಡೆಯದವರೊಡನೆ ಹೋಲಿಸಿ ನೋಡದಿದ್ದರೆ ಆ ಚೇತರಿಕೆಯ ಕೀರ್ತಿ ಔಷಧಕ್ಕೆ ಸಲ್ಲಿಬಿಡುತ್ತದೆ.

ಬೇರೆ ದಾರಿಯಿಲ್ಲದವನು ಪರೀಕ್ಷೆಯಾಗದ ಚಿಕಿತ್ಸೆಯನ್ನು ಹಣ ಕೊಟ್ಟು ಪಡೆದರೆ ಏನು ನಷ್ಟವೆಂದು ಕೇಳುವವರಿದ್ದಾರೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯೆಂಬುದು ನಿಜ. ಆ ಹುಲ್ಲುಕಡ್ಡಿಯನ್ನು ಮಾರಾಟಕ್ಕಿಡುವುದು ಮಾತ್ರ ಧರ್ಮವಲ್ಲ. ನಷ್ಟವೂ ಅಲ್ಪವಲ್ಲ. ಮೂಗಿನ ಒಳಪೊರೆಯ ಕೋಶಗಳನ್ನು ಮಿದುಳುಬಳ್ಳಿಗೆ ಕಸಿಮಾಡಿಸಿಕೊಂಡ ತರುಣಿಯೊಬ್ಬಳಲ್ಲಿ ಎಂಟು ವರ್ಷಗಳ ಅನಂತರ ಅದೇ ಸ್ಥಳದಲ್ಲಿ ಗಡ್ಡೆ ಬೆಳೆದಿದ್ದುದು 2014ರಲ್ಲಿ ವರದಿಯಾಯಿತು. ಆದುದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು, ರಕ್ತಸಂಬಂಧವಾದ ಕೆಲವು ರೋಗಗಳನ್ನುಳಿದು, ಅನುಮೋದಿತ ಪ್ರಯೋಗಗಳ ಹೊರಗೆ ಆಕರಕೋಶಗಳ ಚಿಕಿತ್ಸೆ ಸಲ್ಲದೆಂದು ವಿಧಿಸಿತು. ಇದು ರೋಗಿಯ ಆಸೆಗೆ ಹಾಕಿದ ಬೇಲಿಯಲ್ಲ, ಅವನ ರಕ್ಷಣೆಗೆ ಕಟ್ಟಿದ ಬೇಲಿ. ಸಂಶೋಧನೆಯನ್ನು ಅರ್ಧದಲ್ಲಿ ಕೈಬಿಡುವುದೂ ಅಷ್ಟೇ ತಪ್ಪು. ಅಮೆರಿಕದಲ್ಲಿ 2010ರಲ್ಲಿ ಮನುಷ್ಯರ ಮೇಲೆ ಆರಂಭವಾದ ಪ್ರಯೋಗವೊಂದು ಮರುವರ್ಷವೇ ಹಣದ ಕಾರಣದಿಂದ ನಿಂತುಹೋಯಿತು. ಇಂಥ ಕಾರ್ಯಕ್ಕೆ ವ್ಯಾಪಾರದ ಲೆಕ್ಕಾಚಾರವೊಂದೇ ಆಧಾರವಾಗಬಾರದು.

ನಾಳಿನ ವಿಜ್ಞಾನಕ್ಕಾಗಿ ಕಾಯುತ್ತ ಇಂದಿನ ಕರ್ತವ್ಯವನ್ನು ಮರೆಯುವುದೂ ಸರಿಯಲ್ಲ. ಹಿಂದೆ ಇಂಥ ರೋಗಿಗಳಲ್ಲಿ ಬಹುಮಂದಿ ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗನೆ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಏರ್ಪಾಡು ಮಾಡಿ ಅವರನ್ನು ಉಳಿಸಿದನು. 1948ರಲ್ಲಿ ಆತ ಅವರಿಗಾಗಿ ಏರ್ಪಡಿಸಿದ ಕ್ರೀಡೆಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆದುವು. ಅದಕ್ಕೆ ಬೇಕಾಗಿದ್ದುದು ಶ್ರದ್ಧೆ ಮತ್ತು ಶಿಸ್ತು.

ಬೆನ್ನಿಗೆ ಪೆಟ್ಟಾಗಿ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬಾರದು. ಕತ್ತು ಬೆನ್ನುಗಳು ಬಾಗದಂತೆ ಗಟ್ಟಿಯಾದ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಇಷ್ಟನ್ನು ತಿಳಿದ ನೆರೆಯವನೂ ಒಂದು ಮಿದುಳುಬಳ್ಳಿಯನ್ನು ಉಳಿಸಬಲ್ಲನು. ಶಾಲೆ, ಕಚೇರಿ, ಬಸ್ಸುಗಳಿಗೆ ಗಾಲಿಕುರ್ಚಿ ಏರುವಂಥ ಇಳಿಜಾರು ದಾರಿಯನ್ನು ನಿರ್ಮಿಸಲು ಯಾವ ಹೊಸ ಸಂಶೋಧನೆಯೂ ಬೇಕಿಲ್ಲ. ಕಡಿದ ಹುರಿಯನ್ನು ಬೆಸೆಯುವ ಕೆಲಸವನ್ನು ವಿಜ್ಞಾನವು ತಾಳ್ಮೆಯಿಂದ ಮಾಡಲಿ. ಕಡಿದ ಬಾಳನ್ನು ಬೆಸೆಯುವ ಕೆಲಸವನ್ನು ಸಮಾಜವು ಇಂದೇ ಮಾಡಬಹುದು.