ಅಳಿವೆ ಇನ್ನೂರು ಮೀಟರ್ ಸರಿದರೆ

ಎಣ್ಣೂರು ಅಳಿವೆಯ ಗಡಿ ಗುರುತಿಸಿದ ಫೈಲೊಂದನ್ನು ಕಂಪ್ಯೂಟರಿಗೆ ಕೊಟ್ಟು, ಇದು 44ನೇ ಯುಟಿಎಂ ವಲಯದ್ದು (ನಕ್ಷೆಗಾರರು ಭೂಮಿಯನ್ನು ಸೀಳಿಕೊಂಡ ಉದ್ದುದ್ದ ಪಟ್ಟಿಗಳಲ್ಲೊಂದು) ಎನ್ನುವ ಬದಲು 43ನೇ ವಲಯದ್ದು ಎಂದು ಹೇಳಿ ನೋಡಿ. ಚೆನ್ನೈ ಉತ್ತರದ ಆ ಅಳಿವೆ ಒಂದೇ ಏಟಿಗೆ ಸುಮಾರು 650 ಕಿ.ಮೀ. ಪಡುವಣಕ್ಕೆ ಹಾರಿ, ನಮ್ಮ ಕಾಪು ದೀಪಸ್ತಂಭದ ನೇರಕ್ಕೆ, ಅರಬ್ಬಿ ಸಮುದ್ರದ ನಡುವೆ ಬಿದ್ದಿರುತ್ತದೆ. ಅಕ್ಷಾಂಶ ರೇಖಾಂಶ ಅದಲುಬದಲಾದರೆ ಸ್ವಾಲ್‌ಬಾರ್ಡ್ ದ್ವೀಪಗಳಾಚೆಯ ಹಿಮಸಾಗರಕ್ಕೆ ಹೋಗುತ್ತದೆ. ಡಿಗ್ರಿಯ ಅಂಕಿಯನ್ನು ಮೀಟರೆಂದು ಓದಿಸಿದರೆ ಆಫ್ರಿಕಾ ಪಕ್ಕದ ಗಿನಿ ಕೊಲ್ಲಿಗೆ. ವೆಬ್ ನಕ್ಷೆ ಮಾಡಿ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದೆಲ್ಲ ದಿನನಿತ್ಯದ ತಮಾಷೆ. ಇಂಥ ತಪ್ಪಿನಿಂದ ಯಾರ ಮನೆಯೂ ಮುಳುಗುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ರಾಚುತ್ತದೆ.

ನನ್ನ ತಕರಾರಿರುವುದು ಇನ್ನೂರು ಮೀಟರಿನ ತಪ್ಪಿನ ಬಗ್ಗೆ.

ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು 1830ರ ಎವರೆಸ್ಟ್ ಲೆಕ್ಕದ (ನಮ್ಮ ಕಸುಬಿನ ಮಾತಲ್ಲಿ ಡೇಟಮ್) ಮೇಲೆ ನಿಂತಿವೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಇದೇ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಎಳೆದು ಆರಂಭಿಸಿದ ಅಳತೆಯಿಂದ ಬೆಳೆದ ಲೆಕ್ಕ ಅದು. ಭಾರತದ ನೆಲಕ್ಕೆ ಚೆನ್ನಾಗಿ ಒಪ್ಪುತ್ತದೆ, ಆದರೆ ಅದು ಕಲ್ಪಿಸಿಕೊಂಡ ಭೂಮಿಯ ಕೇಂದ್ರ ನಿಜವಾದ ಕೇಂದ್ರವಲ್ಲ. ನಿಮ್ಮ ಮೊಬೈಲಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆಯೇ ಲೆಕ್ಕ. ಹಳೆಯ ಶೀಟಿನ ಅಂಕಿಗಳನ್ನು ಪರಿವರ್ತಿಸದೆ ಉಪಗ್ರಹ ಚಿತ್ರದ ಮೇಲೆ ಹಾಸಿದರೆ ಚೆನ್ನೈ ಸುತ್ತಮುತ್ತ ಇನ್ನೂರು ಮೀಟರಿನ ಆಸುಪಾಸು ಜರುಗುತ್ತವೆ. 2005ರ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆ ಕೊಡುವ ಶೀಟುಗಳು ಡಬ್ಲ್ಯುಜಿಎಸ್-84ಕ್ಕೆ ಬಂದವು, ಸರಿ. ಆದರೆ ಕಚೇರಿಗಳ ಕಪಾಟಿನಲ್ಲಿರುವ ಹಳೆಯವು ಎಲ್ಲಿಗೂ ಹೋಗಿಲ್ಲ. ಸ್ಕ್ಯಾನ್ ಆಗಿ ಇನ್ನೂ ಓಡಾಡುತ್ತಿವೆ.

ಇನ್ನೂರು ಮೀಟರ್ ಯಾವ ಮಹಾ ಎನ್ನಬೇಡಿ. 2011ರ ಕರಾವಳಿ ನಿಯಂತ್ರಣ ಅಧಿಸೂಚನೆಯಲ್ಲಿ ಅಳಿವೆಯ ದಡದಿಂದ 100 ಮೀಟರ್ ಅಥವಾ ಅಳಿವೆಯ ಅಗಲ, ಯಾವುದು ಕಡಿಮೆಯೋ ಅಷ್ಟು ನೆಲಕ್ಕೆ ರಕ್ಷಣೆಯಿತ್ತು. 2019ರ ಜನವರಿಯಲ್ಲಿ ಆ 100 ಅನ್ನು 50ಕ್ಕೆ ಇಳಿಸಿದರು. ಐವತ್ತು ಮೀಟರಿನ ಪಟ್ಟಿಯನ್ನು ಇನ್ನೂರು ಮೀಟರ್ ಜರುಗಿದ ನಕ್ಷೆಯಲ್ಲಿ ಎಳೆದರೆ ಒಂದು ದಡದಲ್ಲಿ ಪಟ್ಟಿ ನೀರೊಳಗೆ ಹೋಗುತ್ತದೆ, ಎದುರು ದಡದಲ್ಲಿ ಯಾರದೋ ಹಿತ್ತಲಿಗೆ ನುಗ್ಗುತ್ತದೆ.

ಎಣ್ಣೂರು ಇಂಥ ತಪ್ಪನ್ನು ತಾಳಿಕೊಳ್ಳುವ ಜಾಗವೂ ಅಲ್ಲ. ಕೊಸಸ್ತಲೈ ನದಿ ಕಡಲು ಸೇರುವ ಇಲ್ಲಿ ಉಷ್ಣವಿದ್ಯುತ್ ಸ್ಥಾವರ, ಹಾರುಬೂದಿ, 2001ರಿಂದ ಕೆಲಸ ಮಾಡುತ್ತಿರುವ ಬಂದರು, ಕುಪ್ಪ ಎನ್ನುವ ಮೀನುಗಾರರ ಹಳ್ಳಿಗಳು ಎಲ್ಲವೂ ಒಂದರ ಮೈಮೇಲೊಂದು ಬಿದ್ದುಕೊಂಡಿವೆ. ಕೇಂದ್ರ 1996ರಲ್ಲಿ ಒಪ್ಪಿದ ಕರಾವಳಿ ನಕ್ಷೆಯಲ್ಲಿದ್ದ ಅಳಿವೆ ಆಮೇಲಿನ ಇನ್ನೊಂದು ನಕ್ಷೆಯಲ್ಲಿ ಮಾಯವಾಗಿದೆ ಎಂದು ಹೋರಾಟಗಾರರು 2017ರಲ್ಲಿ ಮಾಹಿತಿ ಹಕ್ಕಿನ ದಾಖಲೆ ಹಿಡಿದು ಆರೋಪಿಸಿದ್ದರು. ಅದು ಡೇಟಮ್ಮಿನ ತಪ್ಪೂ ಅಲ್ಲ, ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪ್ರೊಜೆಕ್ಷನ್ನಿನ ತಪ್ಪೂ ಅಲ್ಲ, ಆ ಕಥೆಯೇ ಬೇರೆ. ಆದರೆ ನಕ್ಷೆಯನ್ನೇ ಅನುಮಾನಿಸಲು ಕಲಿತ ಊರಿನಲ್ಲಿ, ನಮ್ಮ ಸೋಮಾರಿತನದ ತಪ್ಪಿಗೂ ದುರುದ್ದೇಶದ ತಪ್ಪಿಗೂ ಜನ ಹೇಗೆ ವ್ಯತ್ಯಾಸ ಕಾಣಬೇಕು?

ಎಣ್ಣೂರಿನ ಕಾಟ್ಟುಕುಪ್ಪದಲ್ಲಿ ಒಬ್ಬ ಹುಡುಗ ನನ್ನ ಮೊಬೈಲಿನಲ್ಲಿದ್ದ ಕಚೇರಿ ನಕ್ಷೆ ನೋಡಿ, "ಅಕ್ಕಾ, ನೀವು ನೀರು ಅಂತ ತೋರಿಸ್ತಿರೋದು ನಾವು ಬೈಕ್ ಓಡಿಸೋ ರಸ್ತೆ" ಎಂದ. ಸೇತುವೆಯ ತುದಿ, ಬೂದಿಕೆರೆಯ ಏರಿಯ ಮೂಲೆ, ದೋಣಿ ಕಟ್ಟುವ ಜಾಗ, ಮೂರನ್ನೂ ಅವನೇ ಬೆರಳಿಟ್ಟು ತೋರಿಸಿದ. ಮೂರೂ ಒಂದೇ ದಿಕ್ಕಿಗೆ, ಒಂದೇ ದೂರ ಸರಿದಿದ್ದವು. ಹಾಗಿದ್ದರೆ ಬಹುಮಟ್ಟಿಗೆ ಎವರೆಸ್ಟ್ ಲೆಕ್ಕದ ತಕರಾರೇ. ಒಂದು ಕಡೆ ಹೊಂದಿ, ದೂರ ಹೋದಂತೆ ಅಂತರ ಹೆಚ್ಚುತ್ತಿದ್ದರೆ ಪ್ರೊಜೆಕ್ಷನ್ ಅಥವಾ ಸ್ಕ್ಯಾನನ್ನು ಅನುಮಾನಿಸಬೇಕು. ಇದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಡ, ಜಾಗ ಗೊತ್ತಿರಬೇಕು.

ಸರಿಪಡಿಸುವುದೂ ಕಷ್ಟವಲ್ಲ. ನಕ್ಷೆಯ ಲೇಯರಿಗೆ ತಪ್ಪು ವಲಯದ ಇಲ್ಲವೇ ತಪ್ಪು ಡೇಟಮ್ಮಿನ ಹೆಸರಿದ್ದರೆ ಹೆಸರು ಬದಲಿಸಿದರೆ ಸಾಕು. ಹೆಸರು ಸರಿಯಿದ್ದು ನಮಗೆ ಬೇಕಾದ ವಲಯ ಅಥವಾ ಡೇಟಮ್ ಬೇರೆಯಾದರೆ ಅಂಕಿಗಳನ್ನೇ ಮರುಲೆಕ್ಕ ಹಾಕಿಸಬೇಕು. ಈ ಎರಡನ್ನೂ ಒಂದೇ ಎಂದುಕೊಳ್ಳುವುದೇ ನಮ್ಮ ಕಸುಬಿನ ದೊಡ್ಡ ರೋಗ. ಪಹಣಿಯಲ್ಲಿ ಗುಂಟೆ ಅಳಿಸಿ ಎಕರೆ ಎಂದು ಬರೆದ ಮಾತ್ರಕ್ಕೆ ಹೊಲ ನಲವತ್ತು ಪಟ್ಟು ಬೆಳೆಯುವುದಿಲ್ಲವಲ್ಲ. ವಿಸ್ತೀರ್ಣದಲ್ಲಿ ಇನ್ನೊಂದು ಬಲೆಯಿದೆ. ವೆಬ್ ನಕ್ಷೆಗಳು ಸಾಮಾನ್ಯವಾಗಿ ಬಳಸುವ ವೆಬ್ ಮರ್ಕೇಟರ್‌ನಲ್ಲೇ ನೇರವಾಗಿ ಅಳೆದರೆ ಎಣ್ಣೂರಿನ 100 ಎಕರೆ ಸುಮಾರು 105.5 ಎಕರೆಯಾಗುತ್ತದೆ. ಪರಿಹಾರದ ಲೆಕ್ಕದಲ್ಲಿ ಆ ಐದೂವರೆ ಎಕರೆ ಯಾರ ಜೇಬಿಗೆ?

ಇದು ತಮಿಳುನಾಡಿನ ರಗಳೆ ಎಂದು ಪುಟ ತಿರುವಬೇಡಿ. 43 ಮತ್ತು 44ನೇ ವಲಯಗಳನ್ನು ಬೇರ್ಪಡಿಸುವ 78 ಡಿಗ್ರಿ ರೇಖೆ ಬೆಂಗಳೂರಿಗೂ ನಮ್ಮೂರು ಕೋಲಾರಕ್ಕೂ ನಡುವೆ ಹಾಯುತ್ತದೆ. ಬೆಂಗಳೂರು ಒಂದು ವಲಯ, ಕೋಲಾರ ಇನ್ನೊಂದು. ರಾಜ್ಯಕ್ಕೆಲ್ಲ ಒಂದೇ ವಲಯವೆಂದುಕೊಂಡವರ ಕೈಗೆ ನಮ್ಮ ಜಿಲ್ಲೆಯ ಫೈಲು ಸಿಕ್ಕರೆ ಕೋಲಾರವೂ ನೂರಾರು ಕಿ.ಮೀ. ಜಿಗಿಯುತ್ತದೆ.

ಆಕ್ಷೇಪಣೆಗೆಂದು ಸರಕಾರ ಪ್ರಕಟಿಸುವ ಪ್ರತಿ ನಕ್ಷೆಯಲ್ಲೂ ಯಾವ ಪ್ರೊಜೆಕ್ಷನ್, ಯಾವ ಡೇಟಮ್, ಮೂಲ ನಕ್ಷೆಯ ಸ್ಕೇಲ್ ಎಷ್ಟು ಎಂಬುದು ಅಚ್ಚಾಗಿರಬೇಕು. ಊರವರಿಗೆ ಗುರುತಿರುವ ನಾಲ್ಕು ಜಾಗಗಳ ಜಿಪಿಎಸ್ ಅಂಕಿಯನ್ನೂ ಕೊಡಬೇಕು. ಬರೀ ಪಿಡಿಎಫ್ ಚಿತ್ರ ಹಾಕಿ ಕೈತೊಳೆದುಕೊಂಡರೆ ಆಗದು, ಮೂಲ ಫೈಲು ಬೇಕು. ಇಷ್ಟು ಸಿಗುವವರೆಗೆ ಆಕ್ಷೇಪಣೆಯ ಗಡುವು ಶುರುವಾಗಕೂಡದು. ನಿಮ್ಮೂರಿನ ನಕ್ಷೆ ವಿಚಾರಣೆಗೆ ಬಂದಾಗ ಬೇರೇನನ್ನೂ ಕೇಳುವ ಮೊದಲು ಇದನ್ನು ಕೇಳಿ, ಲಿಖಿತವಾಗಿ ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.