ಇಂಗ್ಲೀಷಿನಲ್ಲಿ ತೊಂಬತ್ತು, ಮಾತಿನಲ್ಲಿ ಸೊನ್ನೆ

ಮೊನ್ನೆ ಊರಿಗೆ ಹೋದಾಗ ಅಕ್ಕನ ಮಗಳು ಜಗಲಿಯಲ್ಲಿ ಕೂತು 'ದಿ ಸಾಂಗ್ ಆಫ್ ಇಂಡಿಯಾ' ಪದ್ಯದ ಸಾರಾಂಶ ಉರು ಹೊಡೀತಿದ್ಳು. ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ, ಇಂಗ್ಲೀಷು ದ್ವಿತೀಯ ಭಾಷೆ.

"ಪದ್ಯದಲ್ಲಿ ಏನಿದೆ ಪುಟ್ಟಿ?" ಅಂದೆ.

"ಅದೆಲ್ಲ ಗೊತ್ತಿಲ್ಲ ಮಾಮ, ನೋಟ್ಸಲ್ಲಿದ್ದ ಹಾಗೇ ಬರೆದ್ರೆ ಫುಲ್ ಮಾರ್ಕ್ಸು!"

ನಗು ಬಂತು, ಆಮೇಲೆ ಬೇಜಾರೂ ಆಯ್ತು. ಕನ್ನಡಕ್ಕೆ ಅಗ್ರಸ್ಥಾನ ಕೊಡಿ ಎಂದು 1981ರಲ್ಲಿ ವರದಿ ಕೊಟ್ಟ ಗೋಕಾಕರೇ ಬರೆದ ಪದ್ಯ ಅದು. ಸ್ವತಃ ಇಂಗ್ಲೀಷ್ ಮೇಷ್ಟ್ರು ಅವರು. ಪದ್ಯ ಪೂರ್ತಿ ಕವಿಗೂ ಭಾರತಮಾತೆಗೂ ನಡೆಯುವ ಮಾತುಕತೆ. ಮಾತುಕತೆಯನ್ನೂ ನಮ್ಮ ಮಕ್ಕಳು ಬಾಯಿ ಮುಚ್ಚಿಕೊಂಡೇ ಕಲೀತಾರೆ...

ನಾನೂ ಹಾಗೇ ಕಲಿತವನು. ತೊಂಬತ್ತರ ಮೇಲೆ ಬಂದಿತ್ತು. ಆದರೆ ಮೊದಲ ಇಂಟರ್‌ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂತ ಇಂಗ್ಲೀಷಲ್ಲಿ ಕೇಳಿದಾಗ ನೆನಪಾದದ್ದು ಹೆಡ್‌ಮಾಸ್ಟರಿಗೆ ಬರೆಯುವ ರಜಾ ಅರ್ಜಿಯ ಮೊದಲ ಸಾಲು ಮಾತ್ರ! ಕೆಲಸ ಸಿಗಲಿಲ್ಲ. ಪ್ರೋಗ್ರಾಮಿಂಗ್ ಗೊತ್ತಿತ್ತು, ಹೇಳೋಕೆ ಗೊತ್ತಿರಲಿಲ್ಲ.

ಇದಕ್ಕೆ ಮೇಷ್ಟ್ರನ್ನು ಬೈದು ಫಲವಿಲ್ಲ. 80 ಅಂಕ ಬರವಣಿಗೆಗಿದ್ದರೆ ಅವರು ಬರೆಸುತ್ತಾರೆ. ಉಳಿದ 20 ಆಂತರಿಕ ಅಂಕ ಶಾಲೆಯ ಕೈಯಲ್ಲೇ ಇದೆಯಲ್ಲ? ಅದರಲ್ಲಿ 10 ಮಾತಿಗೆ ಮೀಸಲಿಡಲಿ. ಕ್ಲಾಸಿನಲ್ಲಿ 50 ಮಕ್ಕಳಿದ್ದರೆ ದಿನಕ್ಕೆ ಐದು ಜನ, ತಲಾ ಎರಡು ನಿಮಿಷ. ತೋಟ, ಜಾತ್ರೆ, ಕ್ರಿಕೆಟ್ಟು, ಏನಾದರೂ ಹೇಳಲಿ. ಹತ್ತು ದಿನಕ್ಕೊಮ್ಮೆ ಎಲ್ಲರ ಸರದಿ ಬರುತ್ತದೆ. ತಪ್ಪು ಮಾತಾಡಿದರೆ ಯಾರೂ ನಗಬಾರದು, ಅಷ್ಟೇ ನಿಯಮ.

ಇಂಗ್ಲೀಷು ಮಾಧ್ಯಮವೇ ಆಗಬೇಕೆಂದು ನಾನು ಹೇಳ್ತಿಲ್ಲ. ಕಲಿಸುವ ಒಂದು ಪೀರಿಯಡ್ಡನ್ನಾದರೂ ಭಾಷೆಯಾಗಿ ಕಲಿಸಿ ಅಂತಿದ್ದೀನಿ. ನೀವೇನಂತೀರಿ?