ಅದೇ ಪಂದ್ಯ, ದೇಶಕ್ಕೊಂದು ರೇಟು: ಫುಟ್‌ಬಾಲ್ ನೋಡಲು ಯಾರು ಎಷ್ಟು ಕಟ್ಟುತ್ತಾರೆ?

ಶನಿವಾರ ಇಂಗ್ಲೆಂಡಿನಲ್ಲಿ ಮಧ್ಯಾಹ್ನ 3 ಗಂಟೆಗೆ ಪ್ರೀಮಿಯರ್ ಲೀಗ್ ಪಂದ್ಯಗಳು ಶುರುವಾಗುತ್ತವೆ. ಆಗ ನಮ್ಮಲ್ಲಿ ರಾತ್ರಿ 8.30. ಅಲ್ಲಿ ಬೇಸಿಗೆ ಗಡಿಯಾರ ಇದ್ದರೆ 7.30. ನಮ್ಮ ಹಳ್ಳಿಯ ಹುಡುಗ ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಆ ಪಂದ್ಯ ನೋಡಬಹುದು. ಆದರೆ ಆ ಕ್ರೀಡಾಂಗಣದ ಪಕ್ಕದ ಬೀದಿಯಲ್ಲೇ ಮನೆ ಇರುವವನು ಎಷ್ಟೇ ದುಡ್ಡು ಕಟ್ಟಿದ್ದರೂ ಟಿವಿಯಲ್ಲಿ ಅದನ್ನು ನೇರವಾಗಿ ನೋಡುವಂತಿಲ್ಲ.

ಇದು ತಮಾಷೆಯಲ್ಲ, ಅಲ್ಲಿನ ನಿಯಮ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನಲ್ಲಿ ಫುಟ್‌ಬಾಲ್ ನೇರ ಪ್ರಸಾರ ಇಲ್ಲ. ಟಿವಿಯಲ್ಲಿ ದೊಡ್ಡ ತಂಡದ ಆಟ ಬಂದರೆ ಚಿಕ್ಕ ಊರಿನ ತಂಡದ ಮೈದಾನಕ್ಕೆ ಜನ ಹೋಗುವುದಿಲ್ಲ ಎಂಬ ಕಾರಣಕ್ಕೆ 1960ರ ದಶಕದಿಂದ ನಡೆದುಬಂದ ಪದ್ಧತಿ ಇದು.

ಆಟ ಅದೇ, ಕ್ಯಾಮೆರಾ ಅದೇ, ಗೋಲು ಅದೇ. ನೋಡುವ ಬೆಲೆ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಯಾಕೆ ಹೀಗೆ? ಈ ಲೆಕ್ಕ ನಮಗೆ ಯಾಕೆ ಬೇಕು? ಇವತ್ತು ಅದನ್ನೇ ಮಾತಾಡೋಣ.

ರೂಪಾಯಿಗೆ ಬದಲಿಸಿದರೆ ಸಾಲದು

ಬೇರೆ ದೇಶದ ಬೆಲೆ ಕೇಳಿದ ಕೂಡಲೇ ನಾವು ಅದನ್ನು ರೂಪಾಯಿಗೆ ಬದಲಿಸಿ "ಅಬ್ಬಾ ಇಷ್ಟೊಂದಾ!" ಅನ್ನುತ್ತೇವೆ. ಅಲ್ಲಿನ ಸಂಬಳವೂ ಬೇರೆ ಎಂಬುದನ್ನು ಮರೆಯುತ್ತೇವೆ. ಆದ್ದರಿಂದ ಅಳತೆಗೋಲನ್ನೇ ಬದಲಿಸೋಣ. ಕನಿಷ್ಠ ಕೂಲಿಗೆ ದುಡಿಯುವವನು ತಿಂಗಳ ಪಂದ್ಯಗಳನ್ನು ನೋಡಲು ಎಷ್ಟು ಗಂಟೆ ದುಡಿಯಬೇಕು? ಕೂಲಿಯ ಭಾಷೆಯಲ್ಲಿ ಕೇಳಿದರೆ ಎಲ್ಲ ದೇಶಕ್ಕೂ ಒಂದೇ ತಕ್ಕಡಿ.

ಮೊದಲು ಇಂಗ್ಲೆಂಡ್. 2025ರ ಏಪ್ರಿಲ್‌ನಲ್ಲಿ ಅಲ್ಲಿ ವಯಸ್ಕರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಪ್ರೀಮಿಯರ್ ಲೀಗ್ ಪಂದ್ಯಗಳು ಅಲ್ಲಿ ಎರಡು ಕಂಪನಿಗಳಲ್ಲಿ ಹಂಚಿಹೋಗಿವೆ: ಸ್ಕೈ ಮತ್ತು ಟಿಎನ್‌ಟಿ. ಅದೇ ವರ್ಷ ಇಂಟರ್ನೆಟ್ ಮೂಲಕ ತಿಂಗಳ ಲೆಕ್ಕದಲ್ಲಿ ಕಟ್ಟುವುದಾದರೆ ಸ್ಕೈ ಪಂದ್ಯಗಳಿಗೆ 34.99 ಪೌಂಡ್, ಟಿಎನ್‌ಟಿಗೆ 30.99 ಪೌಂಡ್. ಎರಡೂ ಸೇರಿ ಸುಮಾರು 66 ಪೌಂಡ್, ಅಂದರೆ ಐದೂವರೆ ಗಂಟೆಯ ದುಡಿಮೆ. ಜೊತೆಗೆ ನೇರ ಪ್ರಸಾರ ನೋಡುವ ಮನೆಗೆ ಆಗ ವರ್ಷಕ್ಕೆ 174.50 ಪೌಂಡ್ ಟಿವಿ ಲೈಸೆನ್ಸ್ ಶುಲ್ಕ ಇತ್ತು. ಅದನ್ನೂ ಸೇರಿಸಿದರೆ ತಿಂಗಳಿಗೆ ಆರೂವರೆ ಗಂಟೆ ದಾಟುತ್ತಿತ್ತು. ಇಷ್ಟು ಕಟ್ಟಿದರೂ ಒಂದು ಋತುವಿನ 380 ಪಂದ್ಯಗಳಲ್ಲಿ ಸುಮಾರು 270 ಮಾತ್ರ ನೇರವಾಗಿ ಕಾಣುತ್ತವೆ.

ಈಗ ನಮ್ಮ ಕಡೆ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಶುರುವಾದಾಗ ಮೊಬೈಲ್ ಪ್ಲಾನ್ ಮೂರು ತಿಂಗಳಿಗೆ 149 ರೂಪಾಯಿ ಇತ್ತು. ತಿಂಗಳಿಗೆ 50 ರೂಪಾಯಿ ಆಯಿತು. ಒಂದು ಗಂಟೆ ಚಿಲ್ಲರೆ ದುಡಿಮೆ. ಇಂಗ್ಲೆಂಡಿನವನಿಗಿಂತ ಎಷ್ಟೋ ಅಗ್ಗ ಅನಿಸುತ್ತದೆ, ಅಲ್ಲವೇ?

ಸ್ವಲ್ಪ ತಡೆಯಿರಿ. ಪಂದ್ಯ ಬರುವುದು ಡೇಟಾದಲ್ಲಿ. ದಿನಕ್ಕೆ 1.5 ಜಿಬಿ ಕೊಡುವ 28 ದಿನದ ರೀಚಾರ್ಜ್ 2024ರ ಜುಲೈನಲ್ಲಿ ಜಿಯೋದಲ್ಲಿ 299 ರೂಪಾಯಿಗೆ ಏರಿತು. ಅದು ಇನ್ನೂ ಆರೂವರೆ ಗಂಟೆಯ ಕೂಲಿ. ಒಳ್ಳೆಯ ಚಿತ್ರದಲ್ಲಿ ಪೂರ್ತಿ ಪಂದ್ಯ ನೋಡಿದರೆ ಆ ದಿನದ ಡೇಟಾ ಅಲ್ಲಿಗೇ ಮುಗಿಯಬಹುದು. ಡೇಟಾವನ್ನು ನಾವು ಬರೀ ಫುಟ್‌ಬಾಲ್‌ಗೆ ಬಳಸುವುದಿಲ್ಲ, ನಿಜ. ಇಂಗ್ಲೆಂಡಿನವನೂ ಇಂಟರ್ನೆಟ್‌ಗೆ ಬೇರೆ ಕಟ್ಟುತ್ತಾನೆ, ಅದೂ ನಿಜ. ಆದರೂ ನಮ್ಮದು "ಬರೀ 50 ರೂಪಾಯಿ" ಅಲ್ಲ. ಅವನು ಮನೆಯವರ ಜೊತೆ ದೊಡ್ಡ ಟಿವಿಯಲ್ಲಿ ನೋಡುತ್ತಾನೆ, ನಮ್ಮ ಆ ಪ್ಲಾನಿನಲ್ಲಿ ಒಬ್ಬರೇ ಅಂಗೈಯಗಲದ ಪರದೆಯಲ್ಲಿ ನೋಡಬೇಕು. ಇನ್ನೊಂದು ಮಾತು: ಅವನಿಗೆ ಕೆಲಸ ವಾರ ವಾರವೂ ಇರಬಹುದು. ಉದ್ಯೋಗ ಖಾತ್ರಿಯ ಕೂಲಿ 2025ರಲ್ಲಿ ವರ್ಷಕ್ಕೆ 100 ದಿನದ ಲೆಕ್ಕವಾಗಿತ್ತು.

ಅಂದರೆ ಅಗ್ಗ, ದುಬಾರಿ ಎಂಬುದು ಬೋರ್ಡಿನಲ್ಲಿ ಬರೆದ ಬೆಲೆಯಿಂದ ಗೊತ್ತಾಗುವುದಿಲ್ಲ.

ಬೆಲೆ ಯಾರು ಕಟ್ಟುತ್ತಾರೆ?

ಪಂದ್ಯವನ್ನು ಚಿತ್ರೀಕರಿಸಲು ಆಗುವ ಖರ್ಚಿಗೂ ನಾವು ಕೊಡುವ ಬೆಲೆಗೂ ಹೆಚ್ಚು ಸಂಬಂಧವಿಲ್ಲ. ಈ ಊರಿನವರು ಎಷ್ಟು ಕೊಡಬಲ್ಲರು ಎಂದು ನೋಡಿ ರೇಟು ಕಟ್ಟುತ್ತಾರೆ. ಸಂತೆಯಲ್ಲಿ ಗಿರಾಕಿಯ ಮುಖ ನೋಡಿ ಬೆಲೆ ಹೇಳಿದ ಹಾಗೆ.

ಇದನ್ನು ಕೋರ್ಟಿನವರೆಗೆ ಎಳೆದವರು ಇಂಗ್ಲೆಂಡಿನ ಪೋರ್ಟ್ಸ್‌ಮೌತ್ ಪಟ್ಟಣದಲ್ಲಿ ಒಂದು ಪಬ್ ನಡೆಸುತ್ತಿದ್ದ ಕರೆನ್ ಮರ್ಫಿ. ಪಬ್‌ನಲ್ಲಿ ಪಂದ್ಯ ತೋರಿಸಲು ಸ್ಕೈಗೆ ತಿಂಗಳಿಗೆ ಸುಮಾರು 700 ಪೌಂಡ್ ಕಟ್ಟಬೇಕಿತ್ತು. ಅವರು ಗ್ರೀಸ್ ದೇಶದ ಡಿಕೋಡರ್ ಕಾರ್ಡ್ ತರಿಸಿಕೊಂಡರು. ಅದಕ್ಕೆ ಸುಮಾರು 800 ಪೌಂಡ್, ಅದೂ ಇಡೀ ವರ್ಷಕ್ಕೆ! ಅದೇ ಲೀಗ್, ಅದೇ ಪಂದ್ಯ. ಅವರ ಮೇಲೆ ಕೇಸು ಬಿತ್ತು, ದಂಡ ಮತ್ತು ಖರ್ಚು ಸೇರಿ ಸುಮಾರು 8,000 ಪೌಂಡ್ ಕಟ್ಟುವಂತೆ ಆದೇಶವಾಯಿತು. ಅವರು ಬಿಡಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಯುರೋಪಿನ ನ್ಯಾಯಾಲಯ, ಇನ್ನೊಂದು ಸದಸ್ಯ ದೇಶದ ಕಾರ್ಡ್ ತರಿಸುವುದನ್ನು ನಿಷೇಧಿಸುವಂತಿಲ್ಲ ಎಂದಿತು. 2012ರಲ್ಲಿ ಲಂಡನ್ ಹೈಕೋರ್ಟ್ ಅವರ ಶಿಕ್ಷೆಯನ್ನು ರದ್ದು ಮಾಡಿತು.

ಆದರೆ ತೀರ್ಪಿನಲ್ಲೇ ಒಂದು ಕೊಕ್ಕೆ ಇತ್ತು. ಪಂದ್ಯದ ಮೇಲೆ ಕಾಪಿರೈಟ್ ಇಲ್ಲ, ಆದರೆ ಪರದೆಯ ಮೇಲೆ ಬರುವ ಲೋಗೊ, ಗೀತೆ, ಮೊದಲೇ ಸಿದ್ಧಮಾಡಿದ ಚಿತ್ರತುಣುಕುಗಳ ಮೇಲೆ ಇದೆ ಎಂದು ಕೋರ್ಟ್ ಹೇಳಿತು. ಪಬ್‌ನಲ್ಲಿ ತೋರಿಸುವುದಾದರೆ ಅವುಗಳಿಗೆ ಅನುಮತಿ ಬೇಕಾಯಿತು. ಮಹಿಳೆ ಗೆದ್ದರು, ಬೇಲಿ ಮಾತ್ರ ಹಾಗೇ ಉಳಿಯಿತು.

ಬೇಲಿಯ ಬೆಲೆ ಎಷ್ಟು ಬೆಳೆದಿದೆ ನೋಡಿ. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿದಾಗ ಪ್ರಸಾರದ ಹಕ್ಕು ಐದು ವರ್ಷಕ್ಕೆ 30.4 ಕೋಟಿ ಪೌಂಡ್ ಎಂದು ಘೋಷಿಸಲಾಗಿತ್ತು. 2025ರಿಂದ ಶುರುವಾದ ಬ್ರಿಟನ್ ಒಳಗಿನ ಒಪ್ಪಂದ ನಾಲ್ಕು ವರ್ಷಕ್ಕೆ 670 ಕೋಟಿ ಪೌಂಡ್. ವರ್ಷದ ಲೆಕ್ಕದಲ್ಲಿ 27 ಪಟ್ಟು. ಈ ದುಡ್ಡು ಆಕಾಶದಿಂದ ಬೀಳುವುದಿಲ್ಲ. ನೋಡುವವರ ಜೇಬಿನಿಂದಲೇ ಬರಬೇಕು.

ಹೆಚ್ಚು ಅಂಗಡಿ ಬಂದರೆ ಬೆಲೆ ಇಳಿಯುತ್ತದೆಯೇ?

ಪೈಪೋಟಿ ಇದ್ದರೆ ಬೆಲೆ ಇಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಊರಿನಲ್ಲಿ ಎರಡು ಕಿರಾಣಿ ಅಂಗಡಿ ಇದ್ದರೆ ಹಾಗೆ ಆಗುತ್ತದೆ, ಏಕೆಂದರೆ ಎರಡರಲ್ಲೂ ಅದೇ ಸಕ್ಕರೆ ಸಿಗುತ್ತದೆ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಜರ್ಮನಿಯಲ್ಲಿ 2021ರಿಂದ ನಾಲ್ಕು ವರ್ಷ ಬುಂಡೆಸ್‌ಲೀಗಾದ ಶನಿವಾರದ ಪಂದ್ಯಗಳು ಸ್ಕೈನಲ್ಲಿ, ಶುಕ್ರವಾರ ಮತ್ತು ಭಾನುವಾರದವು ಡಿಎಝೆಡ್‌ಎನ್ ಎಂಬ ಕಂಪನಿಯಲ್ಲಿ ಬರುತ್ತಿದ್ದವು. ನಿಮ್ಮ ತಂಡ ಯಾವ ದಿನ ಆಡುತ್ತದೋ ಅಂದಿನ ಅಂಗಡಿಗೆ ಹೋಗಬೇಕು. ಒಂದು ಅಂಗಡಿಯಲ್ಲಿ ಅಕ್ಕಿ, ಇನ್ನೊಂದರಲ್ಲಿ ಬೇಳೆ. ಊಟ ಆಗಬೇಕಾದರೆ ಎರಡೂ ಕಡೆ ದುಡ್ಡು. ಆದರೂ ಅಲ್ಲಿ ಶನಿವಾರ ಸಂಜೆ ಸಾರ್ವಜನಿಕ ವಾಹಿನಿ ಎಆರ್‌ಡಿಯಲ್ಲಿ ದಿನದ ಮುಖ್ಯಾಂಶಗಳು ಬರುತ್ತವೆ. ಚಂದಾ ಕಟ್ಟದವರೂ ಗೋಲುಗಳನ್ನು ನೋಡಬಹುದು.

ಫ್ರಾನ್ಸ್‌ನಲ್ಲಿ ದುರಾಸೆಯ ಪಾಠ ಸಿಗುತ್ತದೆ. ಮೀಡಿಯಾಪ್ರೊ ಎಂಬ ಕಂಪನಿ ಅಲ್ಲಿನ ಲೀಗ್‌ಗೆ ವರ್ಷಕ್ಕೆ 80 ಕೋಟಿ ಯೂರೋಗೂ ಹೆಚ್ಚು ಕೊಡುವುದಾಗಿ ಹೇಳಿತು. 2020ರಲ್ಲಿ ತಿಂಗಳಿಗೆ 25.90 ಯೂರೋ ದರದಲ್ಲಿ ವಾಹಿನಿ ತೆರೆಯಿತು. ಆ ವರ್ಷದ ಅಕ್ಟೋಬರ್‌ನಲ್ಲೇ ಕಂತು ಕಟ್ಟಲಾಗದೆ ಕೈಚೆಲ್ಲಿತು, 2021ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಆ ದುಡ್ಡು ನಂಬಿ ಬಜೆಟ್ ಮಾಡಿದ್ದ ಕ್ಲಬ್‌ಗಳು ಬೀದಿಗೆ ಬಂದವು. 2024ರಲ್ಲಿ ಇನ್ನೊಂದು ಕಂಪನಿ ವರ್ಷದ ಒಪ್ಪಂದದ ಮೇಲೆ ತಿಂಗಳಿಗೆ 29.99 ಯೂರೋ ಇಟ್ಟಿತು, ಜನ ಸಿಟ್ಟಾದರು, ಒಂದೇ ಋತುವಿಗೆ ಅದೂ ಹೊರಟಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಲೀಗ್ ತಾನೇ ವಾಹಿನಿ ಶುರುಮಾಡಿ 14.99 ಯೂರೋ ಬೆಲೆ ಇಟ್ಟಿತು. ಅಲ್ಲಿನ ಕನಿಷ್ಠ ಕೂಲಿಯಲ್ಲಿ ಸುಮಾರು ಒಂದೂಕಾಲು ಗಂಟೆ. ಅರ್ಧ ಬೆಲೆಗೆ ಇಳಿಯಲು ಐದು ವರ್ಷ ಪೆಟ್ಟು ತಿನ್ನಬೇಕಾಯಿತು.

ಪುಕ್ಕಟೆ ಅಂದರೆ ಪುಕ್ಕಟೆಯೇ?

"ಹಾಗಾದರೆ ಸರ್ಕಾರವೇ ಪುಕ್ಕಟೆ ತೋರಿಸಲಿ" ಅನ್ನಬಹುದು. ಅರ್ಜೆಂಟೀನಾ ಹಾಗೇ ಮಾಡಿತು. 2009ರಲ್ಲಿ ಅಧ್ಯಕ್ಷೆ ಕ್ರಿಸ್ಟಿನಾ ಕಿರ್ಚ್‌ನರ್ ಸರ್ಕಾರ ವರ್ಷಕ್ಕೆ 60 ಕೋಟಿ ಪೆಸೊ ಕೊಟ್ಟು ಲೀಗ್ ಹಕ್ಕು ಪಡೆದು "ಎಲ್ಲರಿಗೂ ಫುಟ್‌ಬಾಲ್" ಎಂಬ ಯೋಜನೆ ತಂದಿತು. ಬಡವರ ಮನೆಯಲ್ಲೂ ಪಂದ್ಯ ಬಂತು. ಜೊತೆಗೆ ವಿರಾಮದಲ್ಲಿ ಸರ್ಕಾರದ ಜಾಹೀರಾತೂ ಬಂತು. ಸರ್ಕಾರ ಬದಲಾಯಿತು, 2017ರಲ್ಲಿ ಯೋಜನೆ ನಿಂತಿತು, ಜನ ಮತ್ತೆ ಚಂದಾ ಕಟ್ಟತೊಡಗಿದರು.

ಕಂಪನಿಯ ಪುಕ್ಕಟೆ ಇನ್ನೂ ಬೇರೆ. 2022ರ ವಿಶ್ವಕಪ್ ಫುಟ್‌ಬಾಲ್ ಜಿಯೋಸಿನಿಮಾದಲ್ಲಿ ಉಚಿತವಾಗಿತ್ತು. 2023ರ ಐಪಿಎಲ್ ಕೂಡ ಉಚಿತ. ನಾವು ಕುಣಿದಾಡಿದೆವು. 2025ರ ಹೊತ್ತಿಗೆ ಎರಡು ದೊಡ್ಡ ಕಂಪನಿಗಳು ಒಂದಾದವು, ಐಪಿಎಲ್ ನೋಡಲು ಚಂದಾ ಅಥವಾ ನಿರ್ದಿಷ್ಟ ರೀಚಾರ್ಜ್ ಬೇಕಾಯಿತು. ಗಾಳಕ್ಕೆ ಸಿಕ್ಕಿಸಿದ ಹುಳಕ್ಕೆ ಮೀನು ದುಡ್ಡು ಕೊಡುವುದಿಲ್ಲ.

ಅಂದಮೇಲೆ ನೋಡುವವರು ಏನೂ ಕೊಡದಿದ್ದರೆ ಸಾಕೇ? ಅದೂ ಇಲ್ಲ. 2025ರಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್‌ನ ಭವಿಷ್ಯವೇ ತೂಗಾಡಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ನವೆಂಬರ್‌ನಲ್ಲಿ ಲೀಗ್‌ನ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರೆ ಒಂದೂ ಬಿಡ್ ಬರಲಿಲ್ಲ. ಇಂಗ್ಲೆಂಡಿನ ಪಂದ್ಯ ನಮ್ಮ ಅಂಗೈಗೆ ಬಂದಿತ್ತು, ಬೆಂಗಳೂರಿನ ತಂಡದ ಸಂಬಳ ಮಾತ್ರ ನಿಂತುಹೋಗಿತ್ತು. ನಮಗೆ ನಿಜಕ್ಕೂ ಚಿಂತೆಯಾಗಬೇಕಾದದ್ದು ಇದು.

ನಮ್ಮ ಅಭಿಪ್ರಾಯ

ಪ್ರೀಮಿಯರ್ ಲೀಗ್ ಒಂದು ವ್ಯಾಪಾರ. ಬೇಕಾದವರು ದುಡ್ಡು ಕೊಟ್ಟು ನೋಡಲಿ, ಅದರಲ್ಲಿ ತಪ್ಪಿಲ್ಲ. ಆದರೆ ಕೆಲವು ಪಂದ್ಯಗಳು ಜಾತ್ರೆಯ ತೇರಿನ ಹಾಗೆ. ತೇರು ನೋಡಲು ಟಿಕೆಟ್ ಇಡುವುದಿಲ್ಲ. ಲೀಗ್‌ಗೆ ಇಷ್ಟು ದುಡ್ಡು ಕೀಳುವ ಬ್ರಿಟನ್ ಕೂಡ ಈ ಗೆರೆ ಎಳೆದಿದೆ. ವಿಶ್ವಕಪ್ ಮತ್ತು ಯುರೋ ಕಪ್‌ನ ಅಂತಿಮ ಸುತ್ತಿನ ಪಂದ್ಯಾವಳಿ, ಎಫ್‌ಎ ಕಪ್ ಫೈನಲ್ ಇವು ಚಂದಾ ಇಲ್ಲದ ವಾಹಿನಿಗಳಿಗೆ ಸಿಗಲೇಬೇಕು ಎಂದು ಅಲ್ಲಿ ಕಾನೂನಿನ ಪಟ್ಟಿಯೇ ಇದೆ. 2022ರಲ್ಲಿ ಮಹಿಳಾ ವಿಶ್ವಕಪ್ಪನ್ನೂ ಆ ಪಟ್ಟಿಗೆ ಸೇರಿಸಿದರು.

ನಮ್ಮಲ್ಲೂ ಕಾನೂನು ಇದೆ. 2007ರ ಕ್ರೀಡಾ ಪ್ರಸಾರ ಸಂಕೇತ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿ ವಾಹಿನಿ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಟಿವಿ ಜಾಹೀರಾತಿನ ಆದಾಯದಲ್ಲಿ ಕನಿಷ್ಠ 75 ಪಾಲು ಹಕ್ಕು ಕೊಂಡವರಿಗೇ ಹೋಗುತ್ತದೆ, ಹಾಗಾಗಿ ಅವರಿಗೂ ಅನ್ಯಾಯವಿಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯ ಪದಗಳ ಪ್ರಕಾರ ಈ ಪಂದ್ಯಗಳು ದೂರದರ್ಶನದ ಸ್ವಂತ ಜಾಲ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ಬರಬಹುದು, ಕೇಬಲ್‌ನಲ್ಲಿ ಬರುವ ದೂರದರ್ಶನದಲ್ಲಿ ಅಲ್ಲ ಎಂದಿತು. ಒಮ್ಮೆ ಡಿಶ್ ಮತ್ತು ಬಾಕ್ಸ್ ಕೊಂಡು, ತಿಂಗಳ ಬಾಡಿಗೆ ಇಲ್ಲದೆ ಫ್ರೀ ಡಿಶ್ ನೋಡುವವರಿಗೆ ಪಂದ್ಯ ಸಿಗುತ್ತದೆ. ಪಕ್ಕದ ಮನೆಯಲ್ಲಿ ತಿಂಗಳು ತಿಂಗಳು ಕೇಬಲ್ ದುಡ್ಡು ಕಟ್ಟುವವರಿಗೆ ಅದೇ ದೂರದರ್ಶನದಲ್ಲಿ ಸಿಗುವುದಿಲ್ಲ.

ಇದನ್ನು ಸಂಸತ್ತು ತಿದ್ದಬಹುದು. ಭಾರತದ ಪುರುಷರ ಮತ್ತು ಮಹಿಳೆಯರ ಫುಟ್‌ಬಾಲ್ ತಂಡಗಳ ಮುಖ್ಯ ಪಂದ್ಯಗಳು, ನಮ್ಮ ಲೀಗ್‌ನ ವಾರಕ್ಕೊಂದು ಪಂದ್ಯ ದೂರದರ್ಶನದಲ್ಲಿ ಬರಲಿ, ಕೇಬಲ್ ಮನೆಗೂ ಮುಟ್ಟಲಿ. ನೋಡುವವರು ಹೆಚ್ಚಿದರೆ ಜಾಹೀರಾತು ಬರುತ್ತದೆ, ಟೆಂಡರ್‌ಗೆ ಜನ ಬರುತ್ತಾರೆ, ಆಟಗಾರನಿಗೆ ಸಂಬಳ ಬರುತ್ತದೆ. ಯಾರೂ ನೋಡದ ಲೀಗ್‌ಗೆ ಯಾರು ದುಡ್ಡು ಹಾಕುತ್ತಾರೆ?

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದು ಅಭ್ಯಾಸ. ಮುಂದಿನ ಸಲ ಯಾವುದಾದರೂ ಆಪ್ "ಬರೀ ಇಷ್ಟೇ ರೂಪಾಯಿ" ಅಂದಾಗ ಡೇಟಾ ಸೇರಿಸಿ, ನಮ್ಮ ಕೂಲಿಯಿಂದ ಭಾಗಿಸಿ ನೋಡೋಣ. ಎಷ್ಟು ಗಂಟೆ ದುಡಿಮೆ ಎಂದು ಗೊತ್ತಾದ ಮೇಲೆ ಬಟನ್ ಒತ್ತೋಣ. ಪಂದ್ಯ 90 ನಿಮಿಷದ್ದು. ಅದಕ್ಕಾಗಿ ಹೊಲದಲ್ಲಿ ಎಷ್ಟು ಹೊತ್ತು ಬಗ್ಗಬೇಕು ಎಂಬುದು ನಮಗೆ ಗೊತ್ತಿರಲಿ.